ತಾಮ್ರ ಕೆಡೂದಿಲ್ರಿ, ಮ್ಯಾಲಿನ ಪ್ಲಾಸ್ಟಿಕ್ ಕೆಡತೈತಿ: ಮನಿ ವಾಯರಿಂಗ್ ತಿಳ್ಕೊಂಡು ಮಾಡಸೂದು ಹೆಂಗ

ಮನಿ ವಾಯರಿಂಗ್ ಹಳೇದಾತು, ವಾಯರ್ ಸುಟ್ಟ ಹೋಗೈತಿ ಅಂತೀವಲ್ರಿ, ಆ ಸುಟ್ಟ ವಾಯರ್ ಒಮ್ಮೆ ಬಿಚ್ಚಿ ನೋಡ್ರಿ. ಒಳಗಿನ ತಾಮ್ರ ಕರ್ರಗಾಗಿರಬಹುದು, ಆದ್ರ ತಿಕ್ಕಿದ್ರ ಮತ್ತ ಕೆಂಪಗ ಹೊಳೀತೈತಿ, ಗುಜರಿ ಅಂಗಡಿಯವ ಇವತ್ತಿಗೂ ಕಿಲೋ ಲೆಕ್ಕದಾಗ ರೊಕ್ಕ ಎಣಿಸಿ ತಗೋತಾನ. ಹಾಳಾಗಿದ್ದು ಮ್ಯಾಲಿನ ಕವಚ. ಮನ್ಯಾಗ ಬರೂ ಕರೆಂಟಿನ ತ್ರಾಸ ಭಾಳಷ್ಟು ಹುಟ್ಟೂದು ಎರಡ ಕಡೆ, ಒಂದು ಈ ಪ್ಲಾಸ್ಟಿಕ್ ಕವಚದಾಗ, ಇನ್ನೊಂದು ಜಾಯಿಂಟ್‌ನಾಗ, ಮತ್ತ ಎರಡಕ್ಕೂ ವೈರಿ ಒಂದ, ಕಾವು. ವಾಯರ್ ಯಾವ ಸೈಜ್ ತರಬೇಕು, ಎಂಸಿಬಿ, ಅಂದ್ರ ಕರೆಂಟ್ ಮಿತಿ ಮೀರಿದ್ರ ತಾನ ಬೀಳೂ ಸ್ವಿಚ್, ಎಷ್ಟರದು ಹಾಕಬೇಕು, ಜಾಯಿಂಟ್ ಹೆಂಗ ಸುತ್ತಬೇಕು ಅನ್ನೂದೆಲ್ಲಾ ಕಡೀಕ ಈ ಕಾವಿನ ಲೆಕ್ಕಕ್ಕ ಬಂದು ನಿಲ್ಲತೈತಿ. ಹುಬ್ಬಳ್ಳಿಯಾಗ ಹೊಸಾ ಮನಿ ಕಟ್ಟಸೋರು, ಗದಗ ಹಾವೇರಿ ಕಡೆ ಹಳ್ಳ್ಯಾಗ ಹಳೇ ಮನಿ ವಾಯರಿಂಗ್ ತಗಸಿ ಹೊಸಾದು ಹಾಕಸೋರು, ಇಷ್ಟು ತಿಳ್ಕೊಂಡು ವಾಯರ್‌ಮನ್ ಜೋಡಿ ಕುಂತು ಮಾತಾಡಿದ್ರ ಯಾರೂ ನಿಮಗ ಏನೇನೋ ಹೇಳಿ ಒಪ್ಪಸಾಕ ಆಗಂಗಿಲ್ಲ.

ಮೊದಲ ತಂತಿ ಕಥಿ. ತಾಮ್ರದಾಗ ಒಂದೊಂದು ಪರಮಾಣುವಿನ ಹೊರಗಿನ ಒಂದು ಇಲೆಕ್ಟ್ರಾನ್ ಅದಕ್ಕ ಗಟ್ಟಿಯಾಗಿ ಅಂಟಕೊಂಡಿರಂಗಿಲ್ಲ, ಇಡೀ ತಂತಿ ತುಂಬ ಅಡ್ಡಾಡತಿರತೈತಿ. ವೋಲ್ಟೇಜ್ ಕೊಟ್ಟಾಗ ಇವೆಲ್ಲಾ ಒಂದ ದಿಕ್ಕಿಗೆ ಸರೀತಾವ, ಅದ ಕರೆಂಟ್. ಜೋರಾಗಿ ಓಡತಾವ ಅಂತ ತಿಳ್ಕೊಂಡಿದ್ರ ಅದು ಸುಳ್ಳು, 2.5 ಸ್ಕ್ವೇರ್ ಎಂಎಂ (ತಂತಿ ಅಡ್ಡ ಕತ್ತರಿಸಿದ್ರ ಕಾಣೂ ತಾಮ್ರದ ಅಳತಿ, ಮುಂದ ಬರೇ ಎರಡೂವರಿ ಅಂತೀನಿ) ತಂತಿಯಾಗ 10 ಆಂಪಿಯರ್ ಹೊಂಟಿದ್ರೂ ಇಲೆಕ್ಟ್ರಾನ್ ಸರಿಯೂದು ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್ ಅಷ್ಟ, ಅದೂ ನಮ್ಮ ಮನಿ ಕರೆಂಟ್ ಎಸಿ ಆಗಿದ್ದಕ್ಕ ಸೆಕೆಂಡಿಗೆ 50 ಸಲ ಹಿಂದ ಮುಂದ ಆಡಕೋತ ಅಲ್ಲೇ ಇರತಾವ. ಸ್ವಿಚ್ ಹಾಕಿದ ಕೂಡಲೆ ಲೈಟ್ ಹತ್ತೂದು ಯಾಕಂದ್ರ ತಂತಿ ತುಂಬ ಮೊದಲ ಇಲೆಕ್ಟ್ರಾನ್ ತುಂಬಿರತಾವ, ನೂಕು ಮಾತ್ರ ಈ ತುದಿಯಿಂದ ಆ ತುದಿಗೆ ಝಟ್ ಅಂತ ಮುಟ್ಟತೈತಿ.

ಈ ಇಲೆಕ್ಟ್ರಾನ್ ಸರಿಯೂ ಮುಂದ ಸುಮ್ಮ ಸರಿಯಂಗಿಲ್ಲ, ಸಂಜಿ ಮುಂದ ದುರ್ಗದಬೈಲಿನ ಗದ್ದಲದಾಗ ನಾವು ಮಂದಿಗೆ ಢಿಕ್ಕಿ ಹೊಡಕೋತ ಹೋದಂಗ ಪರಮಾಣುಗಳಿಗೆ ಬಡಕೋತ ಹೋಗತಾವ, ಹಂಗ ಬಡಿಯೂದ ರೆಸಿಸ್ಟನ್ಸ್, ಅದರಿಂದ ಹುಟ್ಟೂದ ಕಾವು. ಹಾದಿ ಸಣ್ಣದಾದ್ರ ಬಡಿದಾಟ ಹೆಚ್ಚು. ಬೆಳ್ಳಿಯಾಗ ಈ ತಡೆ ಎಲ್ಲಾಕ್ಕಿಂತ ಕಡಿಮಿ, ಅದರ ಹಿಂದಿಂದ ತಾಮ್ರ, ಆಮ್ಯಾಲ ಬಂಗಾರ, ಆಮ್ಯಾಲ ಅಲ್ಯುಮಿನಿಯಂ. ಒಂದ ದಪ್ಪದ ತಂತಿ ತಗೊಂಡ್ರ ಅಲ್ಯುಮಿನಿಯಂ ತಾಮ್ರದ ಸುಮಾರು 60 ಪರ್ಸೆಂಟ್ ಅಷ್ಟ ಕರೆಂಟ್ ಸಾಗಸತೈತಿ, ಕಬ್ಬಿಣ ಅಂತೂ ಅದಕ್ಕಿಂತ ಭಾಳ ಹಿಂದ. ಆದ್ರ ತೂಕದ ಲೆಕ್ಕದಾಗ ಅಲ್ಯುಮಿನಿಯಂ ಗೆಲ್ಲತೈತಿ, ತಾಮ್ರದ ಮೂರನೇ ಒಂದು ಭಾಗನೂ ತೂಕ ಇಲ್ಲ, ಅದಕ್ಕ ಕಂಬದ ಮ್ಯಾಲಿನ ಉದ್ದ ಲೈನೆಲ್ಲಾ ಅಲ್ಯುಮಿನಿಯಂ, ನಡುವ ಬಲಕ್ಕ ಅಂತ ಸ್ಟೀಲ್ ತಂತಿ. ಆ ಲೈನಿಗೆ ಕವಚನೂ ಇಲ್ಲ ನೋಡ್ರಿ, ಅಲ್ಲಿ ಇನ್ಸುಲೇಶನ್, ಅಂದ್ರ ಕರೆಂಟ್ ಹೊರಗ ಬಿಡದಂಗ ತಡಿಯೂದು, ಸುತ್ತಲಿನ ಗಾಳಿ ಮತ್ತ ಕಂಬಕ್ಕ ಹಿಡದಿರೂ ಪಿಂಗಾಣಿ. ಅದಕ್ಕ ಮನಿ ಮ್ಯಾಳಗಿ ಮ್ಯಾಲ ಕಬ್ಬಿಣದ ರಾಡ್ ಎತ್ತಿ ಹಿಡಕೊಂಡು ಅಡ್ಡಾಡೂದು ಅಂದ್ರ ಆ ಇನ್ಸುಲೇಶನ್ ನಾವ ಕೈಯಾರೆ ತಗದಂಗ.

ಇನ್ನ ಇನ್ಸುಲೇಟರ್. ಪಿವಿಸಿ, ರಬ್ಬರ್, ಪಿಂಗಾಣಿ, ಗಾಜು, ಒಣ ಕಟಗಿ, ಇವುಗಳಾಗ ಇಲೆಕ್ಟ್ರಾನ್ ಎಲ್ಲಾ ತಮ್ಮ ತಮ್ಮ ಜಾಗದಾಗ ಕಟ್ಟಿ ಹಾಕಿದಂಗ ಇರತಾವ, 230 ವೋಲ್ಟ್ ನೂಕಿಗೆ ಅಲ್ಲಾಡಂಗಿಲ್ಲ. ಒಣ ಕಟಗಿ ಅಂದೆ, ಅದನ್ನ ಅಡಿಗೆರೆ ಹಾಕಿ ಓದ್ರಿ. ಹಸೀ ಕಟಗಿ, ತೋಯಿಸಿದ ಕಟಗಿ ಕರೆಂಟ್ ಬಿಡತೈತಿ, ಕೋಲ್ಲೆ ತಂತಿ ಸರಸತೀನಿ ಅಂತ ಮಳಿಯಾಗ ಹೋಗೂದು ಬ್ಯಾಡ. ನೀರಿಂದೂ ಹಂಗ, ಅಪ್ಪಟ ಶುದ್ಧ ನೀರು ಕರೆಂಟ್ ಬಿಡೂದು ಭಾಳ ಕಡಿಮಿ, ಬಿಡೂದು ಅದರಾಗ ಕರಗಿದ ಉಪ್ಪು. ಗದಗ, ರೋಣ, ನವಲಗುಂದ ಕಡೆ ಬೋರಿನ ಸವಳು ನೀರು ಅಂದ್ರ ಉಪ್ಪು ಕರಗಿದ ನೀರ, ಅಂಥಾ ನೀರು ಸ್ವಿಚ್‌ಬೋರ್ಡ್ ಮ್ಯಾಲ ಬಿದ್ದು ಒಣಗಿದ್ರೂ ಉಪ್ಪಿನ ಪದರ ಉಳೀತೈತಿ, ಮುಂದ ಹವಾ ತಂಪಾದಾಗ ಆ ಪದರ ತೇವ ಹೀರಿ ಸಣ್ಣಗ ಕರೆಂಟ್ ಹಾಯಸಾಕ ಚಾಲೂ ಮಾಡತೈತಿ. ಹಿಟ್ಟಿನ ಗಿರಣಿ, ಹತ್ತಿ ಜಿನ್ನಿಂಗ್ ಇರೂ ಕಡೆ ಬೋರ್ಡ್ ಒಳಗ ಕುಂತ ಧೂಳೂ ಹಂಗ, ಒಣಗಿದ್ದಾಗ ಏನೂ ಇಲ್ಲ, ತೇವ ಹಿಡದಾಗ ಕರ್ರಗ ಗೆರಿ ಬಿದ್ದು ಸುಡಾಕ ಹತ್ತತೈತಿ. ವರ್ಷಕ್ಕ ಒಮ್ಮೆ ಮೇನ್ ತಗದು ಬೋರ್ಡ್ ಬಿಚ್ಚಿ ಒಣ ಬ್ರಶ್‌ಲೆ ಧೂಳು ಹೊಡಸ್ರಿ, ಗಿರಣಿಯವರು ಮಳಿಗಾಲದ ಮುಂಚೆ ಮತ್ತೊಮ್ಮೆ.

ಪಿವಿಸಿ ಹೆಂಗ ಸಾಯತೈತಿ

ಪಿವಿಸಿ ಹುಟ್ಟಾ ಗಟ್ಟಿ ವಸ್ತು, ನೀರಿನ ಪೈಪ್ ಇರತೈತಲ್ಲ ಹಂಗ. ವಾಯರಿಗೆ ಮೆತ್ತಗ ಬೇಕಂತ ಅದಕ್ಕ ಪ್ಲಾಸ್ಟಿಸೈಜರ್ ಅಂತ ಎಣ್ಣಿಯಂಥಾದ್ದು ಕೂಡಸ್ತಾರ. ಕಾವು ಹೆಚ್ಚಾದಂಗ ಈ ಎಣ್ಣಿ ಆರತೈತಿ, ಕವಚ ಬಿರಸಾಗತೈತಿ, ಆಮ್ಯಾಲ ಎಲ್ಲೆ ಬಾಗಸ್ತೀರಿ ಅಲ್ಲೆ ಸೀಳತೈತಿ. ಸಾದಾ ಪಿವಿಸಿ ತಡಕೊಳ್ಳೂದು 70 ಡಿಗ್ರಿ, ಎಚ್‌ಆರ್ ಅಂತ ಬರೂ ಹೆಚ್ಚು ಕಾವು ತಡಿಯೂ ಪಿವಿಸಿ 85, ಎಕ್ಸ್‌ಎಲ್‌ಪಿಇ ಅನ್ನೂ ಬ್ಯಾರೆ ಜಾತಿ ಪ್ಲಾಸ್ಟಿಕ್ ಆದ್ರ 90. ಇದು ಹೊರಗಿನ ಹವಾ ಅಲ್ಲ, ತಂತಿದ ಕಾವು. ಗದಗದಾಗ ಏಪ್ರಿಲ್ ಮೇ ತಿಂಗಳದಾಗ ಹೊರಗ 40 ಡಿಗ್ರಿ ಬಿಸಿಲು ಇದ್ದಾಗ ತಾರಸಿ ಒಳಗಿನ ಪೈಪಿನಾಗ ಇರೂ ವಾಯರ್ 40ರ ಮ್ಯಾಲಿಂದ ಚಾಲೂ ಮಾಡತೈತಿ, ಕರೆಂಟಿನ ಕಾವಿಗೆ ಉಳಿಯೂದು ಬರೇ 30 ಡಿಗ್ರಿಯೊಳಗ. ಕಾವು ಹತ್ತು ಡಿಗ್ರಿ ಏರಿದಂಗೆಲ್ಲಾ ಇನ್ಸುಲೇಶನ್ ಆಯುಷ್ಯ ಹೆಚ್ಚುಕಡಿಮಿ ಅರ್ಧಕ್ಕ ಇಳೀತೈತಿ ಅನ್ನೂದು ಇಲೆಕ್ಟ್ರಿಕಲ್ ಮಂದಿ ಹಳೇ ಲೆಕ್ಕ.

ಬಿಸಿಲೂ ಪಿವಿಸಿ ತಿಂತೈತಿ, ಟೆರೇಸ್ ಮ್ಯಾಲಿನ ಸೋಲಾರ್ ಗೀಜರ್ ವಾಯರ್, ಹೊರಗ ಗ್ವಾಡಿ ಮ್ಯಾಲ ಬಿಟ್ಟ ವಾಯರ್ ಬಣ್ಣ ಹೋಗಿ ಪುಡಿಪುಡಿ ಆಗೂದು ನೋಡಿರತೀರಿ, ಹೊರಗ ಓಡಸೂ ವಾಯರ್ ಪೈಪಿನಾಗ ಹಾಕಸ್ರಿ. ಇಲಿ ಅಂತೂ ಹೇಳೂದ ಬ್ಯಾಡ, ಕಾಳಿನ ಕ್ವಾಣಿ ಇರೂ ಮನ್ಯಾಗ ಅಟ್ಟದ ಮ್ಯಾಲ ಬಿಡಿ ವಾಯರ್ ಹಾಸಬ್ಯಾಡ್ರಿ. ಇನ್ನೊಂದು ಭಾಳ ಮಂದಿಗೆ ಗೊತ್ತಿರಂಗಿಲ್ಲ, ಥರ್ಮೋಕೋಲ್. ಪಿವಿಸಿ ವಾಯರ್ ಥರ್ಮೋಕೋಲಿಗೆ ಹತ್ತಿಕೊಂಡು ವರ್ಷಗಟ್ಟಲೆ ಇದ್ರ ವಾಯರ್‌ನಾಗಿನ ಎಣ್ಣಿ ಥರ್ಮೋಕೋಲಿಗೆ ಇಳೀತೈತಿ, ಥರ್ಮೋಕೋಲ್ ಕರಗಿ ಅಂಟಾಗತೈತಿ, ವಾಯರ್ ಬಿರಸಾಗತೈತಿ. ಬಿಸಿಲ ತಡೀಲಿ ಅಂತ ಸೀಲಿಂಗ್‌ಗೆ ಥರ್ಮೋಕೋಲ್ ಹಾಕಸೋರು ನಡುವ ಪೈಪ್ ಇರೂವಂಗ ನೋಡ್ಕೋರಿ.

ಎಫ್‌ಆರ್, ಅಂದ್ರ ಬೆಂಕಿ ತಡಿಯೂ ವಾಯರ್, ಸುಡೂದ ಇಲ್ಲ ಅಂತ ಅಂಗಡಿಯವ ಹೇಳಿದ್ರ ನಂಬಬ್ಯಾಡ್ರಿ. ಸುಡತೈತಿ, ಬೆಂಕಿ ತಗದ ಮ್ಯಾಲ ತಾನ ಆರತೈತಿ, ಬೆಂಕಿ ಮುಂದ ಹಬ್ಬಸಂಗಿಲ್ಲ, ಅಷ್ಟ. ಪಿವಿಸಿ ಸುಟ್ಟಾಗ ಬರೂ ಹೊಗಿಯಾಗ ಹೈಡ್ರೋಕ್ಲೋರಿಕ್ ಆಸಿಡ್ ಗ್ಯಾಸ್ ಇರತೈತಿ, ಕಣ್ಣು ಗಂಟಲ ಹಿಡೀತೈತಿ, ಅದಕ್ಕ ಎಫ್‌ಆರ್‌ಎಲ್‌ಎಸ್ ಅಂತ ಕಡಿಮಿ ಹೊಗಿದು ಬಂತು. ಸ್ವಲ್ಪ ರೊಕ್ಕ ಹೆಚ್ಚು, ಆದ್ರ ಮಲಗೂ ಖೋಲಿಗೆ ಅದನ್ನ ಹಾಕ್ರಿ ಅಂತ ನಾ ಹೇಳೂದು.

ಅಂಗಡಿಗೆ ಹೋದಾಗ

ಹುಬ್ಬಳ್ಳಿ ಪ್ಯಾಟಿಯಾಗ ವಾಯರ್ ತಗೊಳ್ಳಾಕ ನಿಂತಾಗ ಕಂಪನಿ ಹೆಸರು ಕೇಳೂದಕ್ಕಿಂತ ಮೊದಲ ಡಬ್ಬಿ ಮ್ಯಾಲ ಐಎಸ್‌ಐ ಗುರುತು, ಐಎಸ್ 694 ಅನ್ನೂ ನಂಬರ್, ಮತ್ತ ಸಿಎಂ/ಎಲ್ ಅಂತ ಚಾಲೂ ಆಗೂ ಲೈಸೆನ್ಸ್ ನಂಬರ್ ಐತೋ ಇಲ್ಲೋ ನೋಡ್ರಿ, ಆ ನಂಬರ್ ಬಿಐಎಸ್ ಕೇರ್ ಅನ್ನೂ ಮೊಬೈಲ್ ಆಪ್‌ನಾಗ ಹಾಕಿದ್ರ ಯಾರದು, ಚಾಲೂ ಐತೋ ಇಲ್ಲೋ ತೋರಸತೈತಿ. ಇದು ಕಾಗದದ ಪರೀಕ್ಷಾ. ಕೈಯಾಗಿನ ಪರೀಕ್ಷಾ ಬ್ಯಾರೆ ಅದಾವ, ಅವು ನನಗ ಹೆಚ್ಚು ಇಷ್ಟ.

ಒಂದು, ಎಳಿ ಎಣಿಸೂದು. ಮಲ್ಟಿಸ್ಟ್ರ್ಯಾಂಡ್ ವಾಯರ್‌ನಾಗ ಸಾಮಾನ್ಯವಾಗಿ 0.3 ಎಂಎಂ ದಪ್ಪದ ಎಳಿ ಇರತಾವ, 1 ಸ್ಕ್ವೇರ್‌ಗೆ 14, ಒಂದೂವರಿಗೆ 22, ಎರಡೂವರಿಗೆ 36, ನಾಲ್ಕಕ್ಕ 56. ಸಂಖ್ಯೆ ಸ್ವಲ್ಪ ಆಚೀಚೆ ಇದ್ರ ಎಳಿ ದಪ್ಪ ಬ್ಯಾರೆ ಇರಬಹುದು, ಆದ್ರ ಎರಡೂವರಿ ಅಂತ ಕೊಟ್ಟದ್ರಾಗ ಕೂದಲಿನಂಥಾ 25 ಎಳಿ ಇದ್ರ ತಿರುಗಿ ಕೊಡ್ರಿ. ಎರಡು, ತೂಕ. 90 ಮೀಟರ್ ಕಾಯಿಲ್‌ನಾಗ ಎರಡೂವರಿ ವಾಯರ್ ಇದ್ರ ತಾಮ್ರನ ಎರಡು ಕಿಲೋ ಆಗಬೇಕು, ಒಂದೂವರಿ ಇದ್ರ ಸುಮಾರು 1.2 ಕಿಲೋ, 1 ಸ್ಕ್ವೇರ್ ಇದ್ರ 0.8. ಮ್ಯಾಲ ಪ್ಲಾಸ್ಟಿಕ್ ತೂಕ ಬ್ಯಾರೆ, ಅಂದ್ರ ಇಡೀ ಕಾಯಿಲ್ ಈ ತೂಕಕ್ಕ ಸಮ ಇದ್ರೂ ಅಥವಾ ಕಡಿಮಿ ಇದ್ರೂ ಅದರಾಗ ತಾಮ್ರನ ಕಡಿಮಿ ಐತಿ, ಇಲ್ಲ ಉದ್ದನ ಕಡಿಮಿ ಐತಿ, ಇಲ್ಲ ಅದು ತಾಮ್ರ ಅಲ್ಲ. ಮೂರು, ಒಂದು ಎಳಿ ಬ್ಲೇಡ್‌ಲೆ ಕೆರೀರಿ. ಒಳಗ ಬೆಳ್ಳಗ ಕಂಡ್ರ ಅಲ್ಯುಮಿನಿಯಂ ಮ್ಯಾಲ ತಾಮ್ರದ ಲೇಪ ಹಚ್ಚಿದ್ದು, ಮ್ಯಾಗ್ನೆಟ್ ಹಿಡದ್ರ ಅಂಟಕೊಂಡ್ರ ಒಳಗ ಸ್ಟೀಲ್. ಚಾರ್ಜರ್ ವಾಯರ್, ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡ್ ವಾಯರ್‌ನಾಗ ಈ ಆಟ ಭಾಳ.

ಹಳೇ ವಾಯರ್‌ಮನ್‌ಗಳು ಇನ್ನೂ 3/20, 7/20 ಅಂತಾರ, ಮೂರು ಎಳಿ 20 ಗೇಜ್, ಏಳು ಎಳಿ 20 ಗೇಜ್ ಅಂತ ಅರ್ಥ, ಗೇಜ್ ಅಂದ್ರ ಎಳಿ ದಪ್ಪದ ಹಳೇ ನಂಬರ್. ಲೆಕ್ಕ ಹಾಕಿದ್ರ 3/20 ಅಂದ್ರ 2 ಸ್ಕ್ವೇರ್ ಹತ್ರ, 7/20 ನಾಲ್ಕೂವರಿ ಹತ್ರ. ಅವರ ಚೀಟಿ ಅಂಗಡಿಗೆ ಒಯ್ಯೂ ಮುಂಚೆ ಇದನ್ನ ಸ್ಕ್ವೇರ್ ಎಂಎಂಗೆ ಬದಲಿ ಮಾಡ್ಕೋರಿ.

ಯಾವ ಕೆಲಸಕ್ಕ ಯಾವ ದಪ್ಪ

ಲೆಕ್ಕ ಸರಳ ಐತಿ, ವ್ಯಾಟ್ ತಗೊಂಡು 230ಕ್ಕ ಭಾಗಿಸ್ರಿ, ಆಂಪಿಯರ್ ಬರತೈತಿ. ಇಸ್ತ್ರಿ ಪೆಟ್ಟಿಗಿ 1000 ವ್ಯಾಟ್ ಅಂದ್ರ 4.3, ಮಿಕ್ಸರ್ 750 ಅಂದ್ರ ಮೂರರ ಮ್ಯಾಲ ಸ್ವಲ್ಪ, ಗೀಜರ್ 2000 ಅಂದ್ರ 8.7, 3000 ಅಂದ್ರ 13. ಈಗಿನ ಎಲ್‌ಇಡಿ ಲೈಟಿಗೆ ಆಂಪಿಯರ್ ಅನ್ನೂವಷ್ಟು ಹತ್ತಂಗನ ಇಲ್ಲ. ಹಿಂಗಾಗಿ ಲೈಟ್ ಫ್ಯಾನ್‌ಗೆ 1 ಅಥವಾ ಒಂದೂವರಿ, ಸಾದಾ ಪ್ಲಗ್‌ಗೆ ಒಂದೂವರಿಯಿಂದ ಎರಡೂವರಿ, ಗೀಜರ್, ಎಸಿ, 16 ಆಂಪಿಯರ್ ಪ್ಲಗ್‌ಗೆ ಎರಡೂವರಿಯಿಂದ ನಾಲ್ಕು, ಮೀಟರಿನಿಂದ ಒಳಗಿನ ಡಿಬಿಗೆ, ಅಂದ್ರ ಎಂಸಿಬಿ ಕೂಡಸೂ ಪೆಟ್ಟಿಗಿಗೆ, ಲೋಡ್ ನೋಡಿ 6 ಅಥವಾ 10, ಹಿಂಗ ನಡೀತೈತಿ.

ಆದ್ರ ಉದ್ದ ಮರೀಬ್ಯಾಡ್ರಿ. ನಮ್ಮ ಕಡೆ ಹಳೇ ಮನಿ ಅಂದ್ರ ಮುಂದ ಕಟ್ಟಿ, ಪಡಸಾಲಿ, ನಡುಮನಿ, ಅಡಗಿ ಮನಿ, ಆಮ್ಯಾಲ ಹಿತ್ತಲ, ಅಲ್ಲಿ ಬಚ್ಚಲ, ಮೀಟರ್ ಮಾತ್ರ ಮುಂದಿನ ಕಟ್ಟಿ ಮ್ಯಾಲ. ಬೋರ್ಡಿನಿಂದ ಬಚ್ಚಲಿಗೆ ಗ್ವಾಡಿ ಏರಿ ಇಳಿದು 40 ಮೀಟರ್ ವಾಯರ್ ಹೋಗೂದು ದೊಡ್ಡ ಮಾತಲ್ಲ. ಹೋಗಿ ಬರೂದು ಕೂಡಿ 80 ಮೀಟರ್. 1 ಸ್ಕ್ವೇರ್ ತಾಮ್ರದ ಮಲ್ಟಿಸ್ಟ್ರ್ಯಾಂಡ್ ವಾಯರಿಗೆ ಕಿಲೋಮೀಟರಿಗೆ 19.5 ಓಮ್ ತಡೆ, ಅಂದ್ರ 80 ಮೀಟರಿಗೆ 1.56 ಓಮ್. 2000 ವ್ಯಾಟ್ ಗೀಜರ್ 8.7 ಆಂಪಿಯರ್ ಎಳದಾಗ ವಾಯರಿನಾಗ 13 ವೋಲ್ಟಿನ ಮ್ಯಾಲ ಕಳೀತೈತಿ, ಮತ್ತ ಹೆಚ್ಚುಕಡಿಮಿ 118 ವ್ಯಾಟ್ ಕಾವು ಗ್ವಾಡಿಯೊಳಗ, ಪೈಪಿನೊಳಗ ಹುಟ್ಟತೈತಿ, ನೀವು ಅದಕ್ಕ ಬಿಲ್ಲೂ ಕಟ್ಟತೀರಿ, ಅದ ಕಾವು ಕವಚನೂ ತಿಂತೈತಿ. ಅಲ್ಲೇ ಎರಡೂವರಿ ವಾಯರ್ ಹಾಕಿದ್ರ ಕಿಲೋಮೀಟರಿಗೆ 7.98 ಓಮ್, ಕಾವು 48 ವ್ಯಾಟಿಗೆ ಇಳೀತೈತಿ, ನಾಲ್ಕು ಹಾಕಿದ್ರ 30. ಕರೆಂಟ್ ಎರಡು ಪಟ್ಟು ಆದ್ರ ಕಾವು ನಾಲ್ಕು ಪಟ್ಟು ಆಗತೈತಿ ಅನ್ನೂದೂ ನೆನಪಿರಲಿ, ಯಾಕಂದ್ರ ಗೀಜರ್ ಲೈನಿನಾಗ ಮುಂದ ಯಾರೋ ವಾಷಿಂಗ್ ಮಷಿನ್ ಕೂಡಸ್ತಾರ.

ಒಂದು ಪೈಪಿನಾಗ ಎಷ್ಟು ವಾಯರ್ ತುರಕಬೇಕು ಅನ್ನೂದಕ್ಕೂ ಇದ ಕಾರಣ, ಪೈಪಿನ ಒಳಗಿನ ಜಾಗದಾಗ 40 ಪರ್ಸೆಂಟಿನ ಮ್ಯಾಲ ತುಂಬಬಾರದು, ಉಳಿದ ಗಾಳಿ ಜಾಗದಾಗ ಕಾವು ಆರಬೇಕು, ಮುಂದ ವಾಯರ್ ಬದಲಿ ಮಾಡುವಾಗ ಎಳಿಯಾಕೂ ಬರಬೇಕು. ಪೈಪ್ ಉಳಸೂ ಗುತ್ತಿಗೆದಾರ ನಿಮಗ ಉಳಸೂದು ಕೆಲವೇ ನೂರು ರೂಪಾಯಿ, ಆಮ್ಯಾಲ ಗ್ವಾಡಿ ಒಡಿಯೂದು ನೀವು.

ಎಂಸಿಬಿ ವಾಯರಿಂದು, ಮಷಿನಿಂದಲ್ಲ

ಇದನ್ನ ಹೇಳಿ ಹೇಳಿ ಬಾಯಿ ಸೋತೈತಿ. ಎಂಸಿಬಿ ಇರೂದು ಗೋಡಿಯೊಳಗಿನ ವಾಯರ್ ಕಾಯಲಿಕ್ಕ, ಗೀಜರೋ ಫ್ರಿಜ್ಜೋ ಕಾಯಲಿಕ್ಕ ಅಲ್ಲ. ಪೈಪಿನೊಳಗ ಹೋಗೂ ವಾಯರಿಗೆ, ನಮ್ಮ ಬ್ಯಾಸಗಿ ಲೆಕ್ಕ ಹಿಡದು, ಒಂದೂವರಿಗೆ 10 ಆಂಪಿಯರ್, ಎರಡೂವರಿಗೆ 16, ನಾಲ್ಕಕ್ಕ 20, ಆರಕ್ಕ 25, ಇಷ್ಟರೊಳಗ ಇದ್ರ ನಿದ್ದಿ ಛಲೋ ಬರತೈತಿ. ಎಂಸಿಬಿ ಪದೇ ಪದೇ ಬೀಳತೈತಿ ಅಂತ 10 ತಗದು 32 ಹಾಕಿ ಈಗ ನೋಡ್ರಿ ಬೀಳಂಗಿಲ್ಲ ಅನ್ನೂ ಮನಷ್ಯಾನ್ನ ಮತ್ತ ಮನಿ ಒಳಗ ಕರೀಬ್ಯಾಡ್ರಿ. ಬೀಳಂಗಿಲ್ಲ ಖರೇ, ಆದ್ರ ಈಗ ಎಂಸಿಬಿ ಬದಲಿಗೆ ವಾಯರ್ ಸುಡತೈತಿ. ಹಳೇ ಕಿಟ್‌ಕ್ಯಾಟ್ ಫ್ಯೂಸ್ ಇದ್ದವರು ಫ್ಯೂಸ್ ತಂತಿ ಬದ್ಲಿ ನಾಲ್ಕು ಎಳಿ ತಾಮ್ರ ಸುತ್ತಿ ಕೂಡಸೂದು ಇದ ಜಾತಿ ಕೆಲಸ.

ಇನ್ನೊಂದು ಸೂಕ್ಷ್ಮ ಐತಿ. 16 ಆಂಪಿಯರ್ ಎಂಸಿಬಿ 16ಕ್ಕ ಟಕ್ಕಂತ ಬೀಳಂಗಿಲ್ಲ. ಸ್ಟ್ಯಾಂಡರ್ಡ್ ಪ್ರಕಾರ 1.13 ಪಟ್ಟು, ಅಂದ್ರ 18 ಆಂಪಿಯರ್ ಒಂದು ತಾಸು ಹೋದ್ರೂ ಬೀಳಬಾರದು, 1.45 ಪಟ್ಟು ಅಂದ್ರ 23ರ ಮ್ಯಾಲ ಹೋದಾಗ ಒಂದು ತಾಸಿನೊಳಗ ಬೀಳಬೇಕು. ಅಂದ್ರ ಅಷ್ಟೊತ್ತು ವಾಯರ್ ಆ ಕಾವು ತಡಕೊಳ್ಳಬೇಕು, ಅದಕ್ಕ ವಾಯರ್ ಒಂದು ಮೆಟ್ಟಲ ದಪ್ಪ ಹಾಕೂದು.

ಮತ್ತ ಎಂಸಿಬಿ ಮನಷ್ಯಾನ್ನ ಉಳಸಂಗಿಲ್ಲ. ನಮ್ಮ ಮೈಯಾಗ ಹಾದು ಜೀವ ತಗಿಯೂ ಕರೆಂಟು ಆಂಪಿಯರ್‌ಗಟ್ಟಲೆ ಇರೂದಿಲ್ಲ, ಮಿಲಿಆಂಪಿಯರ್ ಲೆಕ್ಕದಾಗ ಇರತೈತಿ, ಎಂಸಿಬಿಗೆ ಅದು ಕಾಣೂದ ಇಲ್ಲ. ಅದಕ್ಕ ಬೇಕು ಆರ್‌ಸಿಸಿಬಿ ಅನ್ನೂ ಬ್ಯಾರೆ ಸ್ವಿಚ್, 30 ಮಿಲಿಆಂಪಿಯರಿಂದು. ಫೇಜ್‌ನಾಗ (ಕರೆಂಟ್ ತರೂ ತಂತಿ) ಹೋಗಿದ್ದು ನ್ಯೂಟ್ರಲ್‌ನಾಗ (ತಿರುಗಿ ಒಯ್ಯೂ ತಂತಿ) ಅಷ್ಟೂ ತಿರುಗಿ ಬರಲಿಲ್ಲಂದ್ರ, ಎಲ್ಲೋ ಸೋರತೈತಿ ಅಂತ ತಿಳದು ಬೀಳತೈತಿ. ಅದರ ಮ್ಯಾಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ರಿ, ಬೀಳಲಿಲ್ಲ ಅಂದ್ರ ಬದಲಿ ಮಾಡ್ರಿ. ಮಳಿಗಾಲದಾಗ ಧಾರವಾಡದ ಹಂಚಿನ ಮನ್ಯಾಗ, ಮಣ್ಣಿನ ಗ್ವಾಡಿ ಮಾಳಿಗಿ ಮನ್ಯಾಗ ಆರ್‌ಸಿಸಿಬಿ ಬಿದ್ದು ಬಿದ್ದು ತ್ರಾಸ ಕೊಟ್ರ ಅದನ್ನ ಬೈಪಾಸ್ ಮಾಡಸಬ್ಯಾಡ್ರಿ, ಗ್ವಾಡಿ ನೀರು ಕುಡದು ಎಲ್ಲೋ ಹಳೇ ವಾಯರ್ ಸೋರಾಕ ಹತ್ತೈತಿ ಅಂತ ಅದು ಹೇಳಾಕತ್ತೈತಿ. ಒಂದೊಂದ ಲೈನಿನ ಎಂಸಿಬಿ ಇಳಿಸಿ, ಅದರ ನ್ಯೂಟ್ರಲ್ಲೂ ಬಿಡಿಸಿ ಹುಡುಕಬೇಕು, ಯಾಕಂದ್ರ ನ್ಯೂಟ್ರಲ್ ಸೋರಿದ್ರೂ ಅದು ಬೀಳತೈತಿ.

ಜಾಯಿಂಟ್

ಇಲ್ಲೆ ಸ್ವಲ್ಪ ಹೊತ್ತು ನಿಲ್ಲೂಣ, ಯಾಕಂದ್ರ ಛಲೋ ವಾಯರ್ ತಂದು ಕೆಟ್ಟ ಜಾಯಿಂಟ್ ಹಾಕಿದ್ರ ಎಲ್ಲಾ ರೊಕ್ಕ ನೀರಾಗ ಹಾಕಿದಂಗ. ಸಡ್ಲ ಜಾಯಿಂಟಿನಾಗ ಅರ್ಧ ಓಮ್ ತಡೆ ಇತ್ತು ಅನ್ರಿ, 8.7 ಆಂಪಿಯರ್ ಗೀಜರ್ ಚಾಲೂ ಇದ್ದಾಗ ಆ ಒಂದು ಬಿಂದುವಿನಾಗ ಸುಮಾರು 38 ವ್ಯಾಟ್ ಕಾವು. ರಿಪೇರಿಯವರು ಶೀಸಾ ಕರಗಸೂ ಸೋಲ್ಡರಿಂಗ್ ಐರನ್ 25 ವ್ಯಾಟಿಂದು ಇರತೈತಿ. ಇಷ್ಟಾದ್ರೂ ಎಂಸಿಬಿ ಬೀಳಂಗಿಲ್ಲ, ಯಾಕಂದ್ರ ಕರೆಂಟ್ ಹೆಚ್ಚೇನೂ ಆಗಿಲ್ಲ. ಬೋರ್ಡಿನಾಗ ಮೀನು ಸುಟ್ಟಂಗ ವಾಸನಿ ಬಂದ್ರ, ಸ್ವಿಚ್ ಹಳದಿ ಆಗಿದ್ರ, ಪ್ಲಗ್ ಮುಟ್ಟಿದ್ರ ಬಿಸಿ ಹತ್ತಿದ್ರ, ಲೈಟ್ ಮಿಣಕ್ ಮಿಣಕ್ ಅಂದ್ರ ಅದು ಜಾಯಿಂಟ್.

ಕೆಲಸಕ್ಕ ಕೈ ಹಾಕೂ ಮುಂಚೆ ಮೇನ್ ತಗೀರಿ, ಮೇನ್ ಹತ್ರ ಯಾರ್ನರ ನಿಲ್ಲಸ್ರಿ, ಮನ್ಯಾಗ ಇನ್ವರ್ಟರ್ ಇದ್ರ ಅದನ್ನೂ ಬಂದ್ ಮಾಡ್ರಿ, ಟೆಸ್ಟರ್ ಮಾತ್ರ ಮೇನ್ ತಗಿಯೂ ಮೊದಲ ಚಾಲೂ ಇರೂ ಪ್ಲಗ್‌ನಾಗ ಹಚ್ಚಿ ಅದು ಹತ್ತತೈತಿ ಅಂತ ನೋಡಿರ್ರಿ, ಮೇನ್ ತಗದ ಮ್ಯಾಲ ಕೆಲಸದ ವಾಯರಿಗೆ ಹಚ್ರಿ. ಮೀಟರಿನ ಆ ಕಡೆದು ಹೆಸ್ಕಾಂದು, ಅದಕ್ಕ ಕೈ ಹಚ್ಚೂ ಹಂಗಿಲ್ಲ. ಬೋರ್ಡ್, ಡಿಬಿ ಕೆಲಸ ಲೈಸೆನ್ಸ್ ಇದ್ದವರಿಂದ ಮಾಡಸ್ರಿ.

ಕವಚ ಸುಲಿಯಾಕ ಸ್ಟ್ರಿಪ್ಪರ್ ಬಳಸ್ರಿ, ಹಲ್ಲಿಲೆ ಕಡಿಯೂದು, ಬ್ಲೇಡ್ ಸುತ್ತ ತಿರುಗಸೂದು ಬ್ಯಾಡ, ಬ್ಲೇಡ್ ತಾಗಿ ನಾಲ್ಕು ಎಳಿ ಕತ್ತರಿಸಿದ್ರ ಅಲ್ಲೆ ವಾಯರ್ ಸಣ್ಣದಾತು, ಅಲ್ಲೆ ಕಾವು. ಸ್ವಿಚ್ ಸ್ಕ್ರೂಗೆ ಹೋಗೂದಿದ್ರ ಒಂದು ಸೆಂಟಿಮೀಟರ್ ಅಷ್ಟು ಸುಲದು, ಎಳಿ ಹೊಂದಿಸಿ ತಿರುವಿ, ಸಣ್ಣ ವಾಯರಿದ್ರ ಮಡಚಿ ಒಳಗ ಹಾಕಿ ಬಿಗೀ ಮಾಡ್ರಿ, ಹೊರಗ ತಾಮ್ರ ಕಾಣಬಾರದು, ಕವಚ ಸ್ಕ್ರೂ ಕೆಳಗ ಸಿಗಬಾರದು, ಆಮ್ಯಾಲ ಎಳದು ನೋಡ್ರಿ. ವಾಯರಿಗೆ ವಾಯರ್ ಕೂಡಸೂದಿದ್ರ ಜಂಕ್ಷನ್ ಬಾಕ್ಸ್ ಒಳಗ ಮಾತ್ರ, ಪೈಪಿನ ನಡುವ ಜಾಯಿಂಟ್ ಹುಗಿಯೂದು ದೊಡ್ಡ ಅನ್ಯಾಯ, ಮುಂದ ಯಾರಿಗೂ ಸಿಗಂಗಿಲ್ಲ. ಈಗ ಒತ್ತಿ ಕೂಡಸೂ ಲಿವರ್ ಕನೆಕ್ಟರ್ ಬಂದಾವ, ಅವು ಛಲೋ. ಕೈಲೆ ತಿರುವೂದ ಆದ್ರ ಎರಡೂ ಕಡೆ 3 ಸೆಂಟಿಮೀಟರ್ ಸುಲದು, ಇಕ್ಕಳದಿಂದ ಬಿಗೀಯಾಗಿ ಹೆಣದು, ಆಮ್ಯಾಲ ಟೇಪ್ ಎಳಕೋತ, ಒಂದ ಸುತ್ತಿನ ಮ್ಯಾಲ ಇನ್ನೊಂದು ಅರ್ಧ ಕೂಡೂವಂಗ, ಎರಡು ಪದರ ಸುತ್ರಿ, ಎರಡೂ ಕಡೆ ಕವಚದ ಮ್ಯಾಲ 2 ಸೆಂಟಿಮೀಟರ್ ಏರಿಸಿ ಮುಗಸ್ರಿ. ಸೆಲೋಟೇಪ್, ಪ್ಲಾಸ್ಟಿಕ್ ಚೀಲ ಕಟ್ಟಿ ದಾರ ಸುತ್ತೂದು, ಗಾಯದ ಪಟ್ಟಿ, ಇವೆಲ್ಲಾ ನಾ ನೋಡೀನಿ, ಬ್ಯಾಡ್ರಿ.

ಹಳೇ ಮನ್ಯಾಗ ಅಲ್ಯುಮಿನಿಯಂ ವಾಯರಿಂಗ್ ಇದ್ರ ಅದಕ್ಕ ತಾಮ್ರ ಹೆಣೀಬ್ಯಾಡ್ರಿ. ಅಲ್ಯುಮಿನಿಯಂ ಗಾಳಿಗೆ ಬಂದ ಕ್ಷಣಕ್ಕ ಮ್ಯಾಲ ಆಕ್ಸೈಡ್ ಪದರ ಹಿಡೀತೈತಿ, ಆ ಪದರ ಇನ್ಸುಲೇಟರ್. ಮತ್ತ ಸ್ಕ್ರೂ ಒತ್ತಿದ್ದಕ್ಕ ಅದು ನಿಧಾನಕ ಮೆತ್ತಗಾಗಿ ಸರದು ಸಡ್ಲ ಆಗತೈತಿ. ತೇವ ಇದ್ರ ಎರಡು ಲೋಹ ಕೂಡಿದ ಜಾಗದಾಗ ಅಲ್ಯುಮಿನಿಯಂ ಸವೀತೈತಿ. ಇಂಥಾ ಜಾಯಿಂಟಿಗೆ ಎರಡೂ ಲೋಹಕ್ಕ ಅಂತನ ಮಾಡಿದ ಕನೆಕ್ಟರ್ ಸಿಗತಾವ. ಖರೇ ಹೇಳಬೇಕಂದ್ರ ಇಡೀ ಲೈನ್ ತಾಮ್ರಕ್ಕ ಬದಲಿ ಮಾಡೂದ ವಾಸಿ. ಕಟಗಿ ಪಟ್ಟಿ ಮ್ಯಾಲ ಕ್ಲಿಪ್ ಹೊಡದ ರಬ್ಬರ್ ವಾಯರ್ ಇನ್ನೂ ಇದ್ರ, ಅದನ್ನ ಬಾಗಸಿ ನೋಡಾಕೂ ಹೋಗಬ್ಯಾಡ್ರಿ, ಕವಚ ಪುಡಿ ಉದರತೈತಿ, ತಗಸೂದೊಂದ ದಾರಿ.

ಬಣ್ಣ ಮತ್ತ ಅರ್ಥಿಂಗ್

ಕೆಂಪು ಫೇಜ್, ಕರಿ ನ್ಯೂಟ್ರಲ್, ಹಸರು ಅರ್ಥ್, ಇದು ನಮ್ಮ ಮನಿ ವಾಯರಿಂಗ್ ರೂಢಿ. ಮಷಿನಿನ ವಾಯರಿನಾಗ ಕಂದು ಫೇಜ್, ನೀಲಿ ನ್ಯೂಟ್ರಲ್, ಹಸರು ಹಳದಿ ಅರ್ಥ್. ತ್ರೀ ಫೇಜ್ ಮನ್ಯಾಗ ಮಾತ್ರ ಹುಷಾರ್, ಕೆಂಪು ಹಳದಿ ನೀಲಿ ಮೂರೂ ಫೇಜ್, ಅಲ್ಲಿ ನೀಲಿ ನ್ಯೂಟ್ರಲ್ ಅಂತ ತಿಳದು ಹಿಡದ್ರ ಕೆಲಸ ಕೆಟ್ಟಂಗ. ಬಣ್ಣ ನೋಡಿ ನಂಬಬಾರದು, ಟೆಸ್ಟರ್ ಹಚ್ಚೇ ನಂಬಬೇಕು. ಸ್ವಿಚ್ ಫೇಜ್‌ನಾಗ ಇರಬೇಕು. ನ್ಯೂಟ್ರಲ್‌ನಾಗ ಹಾಕಿದ್ರೂ ಲೈಟ್ ಹತ್ತತೈತಿ, ಆರತೈತಿ, ಆದ್ರ ಆರಿಸಿದ ಮ್ಯಾಲೂ ಹೋಲ್ಡರಿನಾಗ ಫೇಜ್ ಇರತೈತಿ. ಎಲ್‌ಇಡಿ ಬಲ್ಬ್ ಬಂದ್ ಮಾಡಿದ ಮ್ಯಾಲೂ ಮಬ್ಬಗ ಹತ್ತತೈತಿ ಅಂದ್ರ ಮೊದಲ ಇದನ್ನ ನೋಡಸ್ರಿ.

ಅರ್ಥಿಂಗ್ ಅಂದ್ರ ಕವಚ ಸೋತಾಗ ಕರೆಂಟಿಗೆ ಬಿಟ್ಟ ಹಾದಿ. ನಮ್ಮ ಎರಿ ಭೂಮಿ ತೇವ ಇದ್ದಾಗ ಅರ್ಥಿಂಗ್‌ಗೆ ಭಾಳ ಛಲೋ, ಬ್ಯಾಸಗಿಯಾಗ ಅದ ಎರಿ ಬಿರಕ ಬಿಟ್ಟು ರಾಡಿನಿಂದ ದೂರ ಸರೀತೈತಿ, ಹಾದಿ ಕಡೀತೈತಿ. ಅದಕ್ಕ ಅರ್ಥಿಂಗ್ ಕುಣಿಗೆ ಪೈಪ್ ಬಿಟ್ಟು ಮೇಲಿಂದ ನೀರು ಹಾಕೂ ಹಂಗ ಮಾಡಿರತಾರ, ಮಾರ್ಚಿನಿಂದ ಮಳಿ ಬೀಳೂ ತನಕ ವಾರಕ್ಕ ಒಂದೆರಡು ಕೊಡ ಹಾಕ್ರಿ. ಹಳೇ ಮನ್ಯಾಗ ಅರ್ಥ್ ತಂತಿ ನಳದ ಕಬ್ಬಿಣ ಪೈಪಿಗೆ ಸುತ್ತಿರತಾರ, ಮುಂದ ನಳದ ಪೈಪ್ ಪ್ಲಾಸ್ಟಿಕ್ ಆಗೈತಿ, ಅರ್ಥಿಂಗ್ ಹೋಗೈತಿ, ಯಾರಿಗೂ ಗೊತ್ತಾಗಿಲ್ಲ. ಫ್ರಿಜ್ ಮುಟ್ಟಿದ್ರ ಜುಮ್ ಅಂತೈತಿ ಅನ್ನೂ ಮನ್ಯಾಗ ಇದನ್ನ ಮೊದಲ ತಪಾಸ ಮಾಡಸ್ರಿ, ಕಾಲಿಗೆ ಚಪ್ಪಲ್ ಹಾಕ್ಕೊಂಡು ಫ್ರಿಜ್ ತಗೀರಿ ಅಂತ ಹೆಣ್ಣುಮಕ್ಕಳಿಗೆ ಹೇಳಿ ಬಿಟ್ಟುಬಿಡೂದು ಸರಿ ಅಲ್ಲ.

ಹಳೇ ವಾಯರಿಂಗ್ ಇಡೂದೋ ತಗಿಯೂದೋ ಅನ್ನೂ ಸಂಶಯ ಇದ್ರ ಮೆಗ್ಗರ್ ಅನ್ನೂ ಕವಚದ ತಡೆ ಅಳಿಯೂ ಯಂತ್ರ ಇರೂ ವಾಯರ್‌ಮನ್‌ನ್ನ ಕರಸ್ರಿ. ಮೇನ್ ತಗದು, ಬಲ್ಬ್, ಮಷಿನ್ ಎಲ್ಲಾ ಬಿಚ್ಚಿ, 500 ವೋಲ್ಟ್ ಡಿಸಿ ಹಾಕಿ ಫೇಜಿಗೂ ಅರ್ಥಿಗೂ, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವ ಎಷ್ಟು ತಡೆ ಐತಿ ಅಂತ ಅಳೀತಾರ. 1 ಮೆಗಾಓಮ್‌ಗಿಂತ ಕಡಿಮಿ ಬಂದ ಲೈನ್ ಬದಲಿ ಮಾಡಸ್ರಿ. ಅಳಿಯೂದು ಜುಲೈ ಆಗಸ್ಟ್‌ನಾಗ, ಗ್ವಾಡಿ ತೋಯಿಸಿದ್ದಾಗ ಮಾಡಸ್ರಿ, ಮೇ ತಿಂಗಳದಾಗ ಎಲ್ಲಾ ವಾಯರೂ ಪಾಸ್ ಆಗತಾವ.

ಅದ ಮಳಿಗಾಲದ ಕಡೀ ಭಾಗಕ್ಕ ಗಣಪ್ಪ ಬರತಾನ, ಓಣಿ ಓಣಿಗೆ ಪೆಂಡಾಲ್, ತಗಡಿನ ಶೆಡ್ಡು, ಸೀರಿಯಲ್ ಲೈಟು, ಕೆಳಗ ಕೆಸರು. ತಗಡಿನ ಅಂಚಿಗೆ, ಕಬ್ಬಿಣದ ಆಂಗಲ್‌ಗೆ ವಾಯರ್ ತಿಕ್ಕೂವಂಗ ಎಳೀಬ್ಯಾಡ್ರಿ, ಗಾಳಿಗೆ ಅಲ್ಲಾಡಿ ಒಂದ ರಾತ್ರಿಯಾಗ ಕವಚ ಕತ್ತರಸತೈತಿ. ಶೆಡ್ಡಿನ ಚೌಕಟ್ಟಿಗೆ ಅರ್ಥ್ ಕಟ್ರಿ, ಜಾಯಿಂಟ್ ನೆಲದಾಗ ಬಿಡಬ್ಯಾಡ್ರಿ, ಎತ್ತರಕ್ಕ ಕಟ್ಟಿ ಮ್ಯಾಲಿಂದ ನೀರು ಬೀಳದಂಗ ಮರಿ ಮಾಡ್ರಿ. ಸುತ್ತಿದ ಎಕ್ಸ್‌ಟೆನ್ಶನ್ ವಾಯರ್ ಹಂಗ ಸುರುಳಿಯಾಗ ಇಟ್ಟು ದೊಡ್ಡ ಲೈಟ್ ಹಚ್ಚಬ್ಯಾಡ್ರಿ, ಒಳಗಿನ ಸುತ್ತಿನ ಕಾವಿಗೆ ಹೊರಗ ಬರಾಕ ಹಾದಿ ಇರಂಗಿಲ್ಲ, ಪೂರಾ ಬಿಚ್ಚಿ ಹಾಸ್ರಿ. ಮೇನ್ ಹತ್ರ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ಮತ್ತ ಕಂಬಕ್ಕ ಕೊಕ್ಕಿ ಹಾಕೂದು ಬಿಟ್ಟು ಹೆಸ್ಕಾಂಗೆ ಅರ್ಜಿ ಕೊಟ್ಟು ಟೆಂಪರರಿ ಕನೆಕ್ಷನ್ ತಗೋರಿ, ಕೊಕ್ಕಿ ಹಾಕಿದ ಲೈನಿನಾಗ ನಿಮ್ಮ ಪೆಂಡಾಲಿಗೂ ಟ್ರಾನ್ಸ್‌ಫಾರ್ಮರಿಗೂ ನಡುವ ನಿಮ್ಮ ವಾಯರಿನ ಸೈಜ್ ನೋಡಿ ಬೀಳೂ ಎಂಸಿಬಿ ಒಂದೂ ಇರಂಗಿಲ್ಲ.